ಕ್ಯಾಮೆರಾ ಹೆಗಲಿಗೇರಿಸಿ ನಾಲ್ಕು ತಾಲ್ಲೂಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ನನ್ನ ವನ್ಯಜೀವಿ ಛಾಯಾಗ್ರಹಣದ ಹವ್ಯಾಸ’. ಹವ್ಯಾಸ ಎನ್ನುವುದು ಗೌರವದ ಮಾತಾಯಿತು. ಮನೆಯಲ್ಲಿ ಇದಕ್ಕೆ ‘ಹುಚ್ಚು’ ಎನ್ನುತ್ತಾರೆ. ನಲವತ್ತೈದು ವರ್ಷಕ್ಕೂ ಮೇಲ್ಪಟ್ಟ ಹುಚ್ಚು. ಸಂಬಳದಲ್ಲಿ ರೀಲಿಗೆ ಎಷ್ಟು ಹೋಯಿತು ಎಂಬ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ. ಅವಳೂ ಇಲ್ಲೇ ಕುಳಿತಿರುವುದರಿಂದ ಆ ವಿಷಯ ಇಲ್ಲಿಗೆ ಬಿಡುತ್ತೇನೆ.

ನಿಮ್ಮಲ್ಲಿ ಹಲವರಿಗೆ ನಾನು ಗೊತ್ತಿಲ್ಲದಿದ್ದರೂ ನಾನು ತೆಗೆದ ಒಂದು ಚಿತ್ರ ಗೊತ್ತಿದೆ. ವಿಜ್ಞಾನ ಪ್ರಯೋಗಾಲಯದ ಬಾಗಿಲ ಎದುರಿನ ಗೋಡೆಯಲ್ಲಿ ಕಪ್ಪು ಬಿಳುಪಿನ ದೊಡ್ಡ ಫೋಟೋ ಇದೆಯಲ್ಲ, ನೆಲದ ಮೇಲೆ ನಾಲ್ಕು ಮೊಟ್ಟೆ, ಅದರ ಪಕ್ಕ ರೆಕ್ಕೆ ಬಿಚ್ಚಿ ಕೊಕ್ಕು ತೆರೆದು ನಿಂತ ಟಿಟ್ಟಿಭ? ಕೆಳಗೆ ‘ತಾಯಿಯ ವಾತ್ಸಲ್ಯ’ ಎಂದು ಬರೆದಿದೆ. ಅದು ನಂದೇ. ಈ ಸಂಚಿಕೆಯ ಮುಖಪುಟಕ್ಕೆ ಅದನ್ನೇ ಹಾಕುತ್ತೇವೆ ಎಂದು ಸಮಿತಿಯವರು ಫೋನ್ ಮಾಡಿದಾಗ ಬೇಡ ಎಂದೆ. ಯಾಕೆ ಸಾರ್ ಎಂದರು. ವೇದಿಕೆಯ ಮೇಲೆ ಹೇಳುತ್ತೇನೆ ಎಂದೆ. ಹೇಳುತ್ತೇನೆ, ಆದರೆ ಮೊದಲು ಒಂದಿಷ್ಟು ಹಿಂದಕ್ಕೆ ಹೋಗಬೇಕು.

ನಾನು ಈ ಶಾಲೆಯ ಎರಡನೇ ತಂಡದವನು. ಆಗ ನಮ್ಮ ಚನ್ನಗಿರಿಯೂ ಪಕ್ಕದ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರು, ಈಗಿನಂತೆ ತಾಲ್ಲೂಕಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಇವೆಲ್ಲ ಒಂದೇ ಮನೆಯವಾದವು. ನನ್ನ ನೌಕರಿ ನನ್ನನ್ನು ಈ ನಾಲ್ಕು ಕಡೆಗೇ ಎತ್ತಿ ಹಾಕಿದ್ದರಿಂದ ನಾನು ನೋಡಿದ ಕಾಡು ಎಂದರೆ ಇಷ್ಟೇ. ಬಂಡೀಪುರ, ನಾಗರಹೊಳೆಗೆ ಒಂದೊಂದು ಸಲ ಹೋಗಿದ್ದೇನೆ, ಅದೂ ಕುಟುಂಬ ಸಮೇತ, ಬಸ್ಸಿನಲ್ಲಿ.

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಸೂಳೆಕೆರೆಗೆ ಕರೆದುಕೊಂಡು ಹೋದರು. ಶಾಂತಿಸಾಗರ ಎಂದು ಬೋರ್ಡಿನಲ್ಲಿ ಬರೆದರೂ ನಮ್ಮ ಬಾಯಿಗೆ ಅದು ಸೂಳೆಕೆರೆಯೇ. ಎರಡು ಗುಡ್ಡಗಳ ನಡುವಿನ ಕಿಂಡಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ಹಿಡಿದು ನಿಲ್ಲಿಸಿರುವ ಕೆರೆ. ಅದನ್ನು ಕಟ್ಟಿಸಿದ ಶಾಂತವ್ವನ ಕಥೆ ನಿಮಗೆ ನಿಮ್ಮ ಅಜ್ಜಿಯರು ಹೇಳಿರುತ್ತಾರೆ. ಮಾವ ಬೊಂಬಾಯಿಂದ ತಂದಿದ್ದ ಆಗ್ಫಾ ಕ್ಲಿಕ್ ಥ್ರೀ ಡಬ್ಬಿ ಕ್ಯಾಮೆರಾವನ್ನು ನಾನು ಕಾಡಿ ಬೇಡಿ ಇಸಿದುಕೊಂಡು ಹೋಗಿದ್ದೆ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಕೆರೆಯ ತುಂಬ ನಾಮಕೋಳಿ, ನೀರುಕಾಗೆ, ಬೆಳ್ಳಕ್ಕಿ. ಹತ್ತು ನಿಮಿಷದಲ್ಲಿ ಹನ್ನೆರಡೂ ಮುಗಿಸಿದೆ. ತೊಳೆಸಿ ತಂದಾಗ ನೋಡಿದರೆ ಹನ್ನೆರಡೂ ಒಂದೇ: ಬೂದು ಬಣ್ಣದ ನೀರು, ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, “ಇದರಲ್ಲಿ ಹಕ್ಕಿ ಯಾವುದಪ್ಪ, ನೆಗೆಟಿವ್ ಮೇಲಿನ ಧೂಳು ಯಾವುದು?” ಎಂದರು. ಇಡೀ ತರಗತಿ ನಕ್ಕಿತು. ಅವತ್ತು ಹಿಡಿದ ಹಟ.

1984ರಲ್ಲಿ ಪಶುಪಾಲನಾ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಡಾಕ್ಟರ ಕೈಕೆಳಗಿನ ಕೆಲಸ. ಆದರೆ ಹಳ್ಳಿಯವರ ಬಾಯಲ್ಲಿ ನಾನೂ ‘ದನದ ಡಾಕ್ಟ್ರೇ’. ಕಾಲುಬಾಯಿ ಜ್ವರಕ್ಕೆ, ಕುರಿಯ ಕರುಳುಬೇನೆಗೆ ಲಸಿಕೆ ಹಾಕಲು ಐಸ್ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುವುದು. ಆ ಡಬ್ಬಿಯ ಪಕ್ಕದಲ್ಲೇ ಕ್ಯಾಮೆರಾ. ಮೊದಲ ವರ್ಷದ ಉಳಿತಾಯವೆಲ್ಲ ಕೊಟ್ಟು ರಷ್ಯಾದ ಜೆನಿಟ್ ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ. ಕಬ್ಬಿಣದ ಗುಂಡಿನಷ್ಟು ಭಾರ. ಬಟನ್ ಒತ್ತಿದರೆ ಟಪ್ ಎಂದು ಬಾಗಿಲು ಬಡಿದಂಥ ಸದ್ದು. ಹೊನ್ನಾಳಿಯಲ್ಲಿದ್ದಾಗ ತುಂಗಭದ್ರೆಯ ದಡದಲ್ಲಿ ನೀರುನಾಯಿಗಳಿಗಾಗಿ ಎರಡು ಬೇಸಿಗೆ ಕಾದೆ. ಹರಿಗೋಲಿನ ಮೀನುಗಾರರು ಜಾಗ ತೋರಿಸಿದ್ದರು. ಬಂಡೆಯ ಮೇಲೆ ಮೀನಿನ ಪೊರೆ ತುಂಬಿದ ಹಿಕ್ಕೆ ಇದ್ದರೆ ಅವು ಬಂದು ಹೋಗುತ್ತವೆ ಎಂದು ಲೆಕ್ಕ. ಬಂದವು, ಒಂದು ಸಂಸಾರವೇ ಬಂತು. ಟಪ್ ಎಂದ ಕೂಡಲೇ ಎಲ್ಲವೂ ನೀರಿನೊಳಗೆ. ಎರಡು ಬೇಸಿಗೆಯ ಸಂಪಾದನೆ ಎಂದರೆ ನೀರಿನ ಮೇಲಿನ ಉಂಗುರಗಳ ಹದಿನೇಳು ಚಿತ್ರ. ಹೊಳೆಯ ಕೆಳಭಾಗದಲ್ಲಿ, ಕೊಪ್ಪಳ–ಬಳ್ಳಾರಿ ಕಡೆ, ನೀರುನಾಯಿಗಳಿಗಾಗಿಯೇ ಸರ್ಕಾರ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದಾಗ ನನಗೆ ಆ ಉಂಗುರಗಳು ನೆನಪಾದವು.

ಈಗ ಟಿಟ್ಟಿಭದ ವಿಷಯ.

1986ರ ಏಪ್ರಿಲ್. ನ್ಯಾಮತಿ ಕಡೆ ತೀರ್ಥರಾಮೇಶ್ವರದ ಗುಡ್ಡ ಕಾಣುವಷ್ಟು ದೂರದಲ್ಲಿ ಉತ್ತು ಬಿಟ್ಟ ಒಂದು ಹೊಲ. ಲಸಿಕೆ ಮುಗಿಸಿ ಬರುವಾಗ ಹಕ್ಕಿಯೊಂದು ನನ್ನ ತಲೆಯ ಮೇಲೆ ಎರಗಿ ಎರಗಿ ಕೂಗಿತು. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಯಲು ನೆಲದ ತಗ್ಗಿನಲ್ಲಿ ಸುತ್ತ ನಾಲ್ಕು ಹರಳು ಇಟ್ಟುಕೊಂಡು ಮೊಟ್ಟೆ ಹಾಕುತ್ತದೆ. ಮೊಟ್ಟೆಯ ಬಣ್ಣವೂ ಮಣ್ಣು ಹೆಂಟೆಯ ಬಣ್ಣವೇ. ನಾನು ಸಾಲು ಹಿಡಿದು ಹುಡುಕಿ ಹುಡುಕಿ ಕೊನೆಗೂ ಕಂಡುಹಿಡಿದೆ. ನನ್ನ ಹತ್ತಿರ ಇದ್ದದ್ದು 135 ಮಿಲಿಮೀಟರಿನ ಲೆನ್ಸು. ಅದರಲ್ಲಿ ಹಕ್ಕಿ ದೊಡ್ಡದಾಗಿ ಬರಬೇಕಾದರೆ ನಾಲ್ಕೈದು ಮಾರಿನ ಒಳಗೆ ಕೂರಬೇಕು. ಮರುದಿನ ಭಾನುವಾರ ಕೊಡೆ, ಗೋಣಿಚೀಲ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಬೆಳಗ್ಗೆ ಹತ್ತಕ್ಕೆ ಕೂತೆ. ಮೊಟ್ಟೆಗೆ ಅಡ್ಡವಾಗಿದ್ದ ಎರಡು ಹೆಂಟೆ, ಒಣಗಿದ ಒಂದು ತೊಗರಿ ಕೂಳೆ ಕಿತ್ತು ಬದಿಗಿಟ್ಟೆ. ಚಿತ್ರ ಚೊಕ್ಕವಾಗಿ ಬರಲಿ ಎಂದು.

ಎರಡು ಹಕ್ಕಿಗಳು. ಒಂದು ದೂರದ ಬದುವಿನ ಮೇಲೆ ಕೂಗುತ್ತಿತ್ತು. ಇನ್ನೊಂದು ಹತ್ತಿರ ಬರುವುದು, ನಿಲ್ಲುವುದು, ಹಿಂದೆ ಹೋಗುವುದು. ನಡುವೆ ಹೊಲದಂಚಿನ ಗುಂಡಿಗೆ ಹಾರಿ ನೀರಿನಲ್ಲಿ ಹೊಟ್ಟೆ ಅದ್ದಿ ಮತ್ತೆ ಬರುವುದು. ಸೆಕೆಗೆ ಸ್ನಾನ ಮಾಡುತ್ತಿದೆ ಎಂದುಕೊಂಡೆ. ಒಂದು ಗಂಟೆಯ ಹೊತ್ತಿಗೆ ಅದಕ್ಕೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ, ನೇರ ಮೊಟ್ಟೆಯ ಹತ್ತಿರ ಬಂದು ರೆಕ್ಕೆ ಅಗಲಿಸಿ ನನ್ನ ಮೇಲೆ ಕೊಕ್ಕು ತೆರೆಯಿತು. ಟಪ್. ಇನ್ನೂ ಎರಡು ತೆಗೆದೆ. ಮೂರು ಗಂಟೆ ಕೂತಿದ್ದಕ್ಕೆ ಸಾರ್ಥಕವಾಯಿತು ಎಂದು ಸಿಳ್ಳೆ ಹಾಕುತ್ತ ಬಂದೆ.

ವಾರ ಕಳೆದು ಆ ಊರಿಗೆ ಹೋದಾಗ ಮರಿ ಆಗಿದ್ದರೆ ಅದನ್ನೂ ತೆಗೆಯೋಣ ಎಂದು ಹೊಲಕ್ಕಿಳಿದೆ. ನಾಲ್ಕು ಮೊಟ್ಟೆ ಹಾಗೇ ಇದ್ದವು. ಒಂದಕ್ಕೆ ಇರುವೆ ಮುತ್ತಿತ್ತು. ತಲೆಯ ಮೇಲೆ ಯಾರೂ ಎರಗಲಿಲ್ಲ, ಕೂಗಲೂ ಇಲ್ಲ.

ಹೊಲದ ಮಾಲೀಕರೇನಾದರೂ ಓಡಿಸಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೇ ವರ್ಷ ಶಿವಮೊಗ್ಗದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಆ ಚಿತ್ರಕ್ಕೆ ಬಹುಮಾನ ಬಂತು. ‘ತಾಯಿಯ ವಾತ್ಸಲ್ಯ’ ಎಂಬ ಹೆಸರು ನಾನೇ ಕೊಟ್ಟಿದ್ದು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಮೇಷ್ಟ್ರ ಕೈಗೆ ಕೊಟ್ಟೆ. ಅವರು ತಾವೇ ಮೊಳೆ ಹೊಡೆದು ನೇತು ಹಾಕಿದರು. “ಈಗ ಹಕ್ಕಿ ಯಾವುದು ಅಂತ ಗೊತ್ತಾಗ್ತದಪ್ಪ” ಎಂದರು.

ಎಷ್ಟೋ ವರ್ಷದ ಮೇಲೆ ಪಕ್ಷಿ ವೀಕ್ಷಕರ ಒಂದು ಶಿಬಿರದಲ್ಲಿ ತಿಳಿದವರೊಬ್ಬರು ಹೇಳಿದಾಗ ನನಗೆ ಗೊತ್ತಾಯಿತು. ಬೇಸಿಗೆಯ ಬಿಸಿಲಿನಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ಅದು ಸ್ನಾನ ಮಾಡುತ್ತಿರಲಿಲ್ಲ. ನೀರು ಹೊತ್ತು ತರುತ್ತಿತ್ತು, ನಾನು ಬಾಗಿಲಲ್ಲಿ ಕೂತಿದ್ದೆ. ಏಪ್ರಿಲ್ ತಿಂಗಳ ಹತ್ತರಿಂದ ಒಂದರವರೆಗೆ ಬರಿ ನೆಲದ ಮೇಲೆ ಮೊಟ್ಟೆ ಏನಾಗುತ್ತದೆ ಎಂದು ಪಶುಪಾಲನೆಯವನಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಂದು ಮಾತು. ಟಿಟ್ಟಿಭದಲ್ಲಿ ಗಂಡೂ ಮೊಟ್ಟೆಯ ಮೇಲೆ ಕೂರುತ್ತದೆ, ನೋಡಲಿಕ್ಕೆ ಗಂಡು ಹೆಣ್ಣು ಒಂದೇ ಥರ. ಹಾಗಾಗಿ ಚಿತ್ರದಲ್ಲಿರುವುದು ತಾಯಿಯೋ ತಂದೆಯೋ ಅದೂ ನನಗೆ ಗೊತ್ತಿಲ್ಲ. ವಾತ್ಸಲ್ಯವಂತೂ ಅಲ್ಲ. ನನ್ನನ್ನು ಎದ್ದು ಹೋಗು ಎಂದು ಗದರುತ್ತಿರುವ ಚಿತ್ರ ಅದು.

ಆ ಕಾಲದಲ್ಲಿ ಎಲ್ಲರೂ ಗೂಡಿನ ಚಿತ್ರ ತೆಗೆಯುತ್ತಿದ್ದರು ಎನ್ನುವುದು ನಿಜ. ಲೆನ್ಸು ಗಿಡ್ಡ, ರೀಲು ನಿಧಾನ. ಹಕ್ಕಿ ಒಂದೇ ಕಡೆ ಬಂದು ಕೂರುವುದು ಗೂಡಿನಲ್ಲಿ ಮಾತ್ರ. ಆದರೆ ಬಲ್ಲವರು ಅದಕ್ಕೊಂದು ರೀತಿ ಇಟ್ಟುಕೊಂಡಿದ್ದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇವರ ಚಿತ್ರಗಳನ್ನು ನಾನು ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಿದ್ದೆ. ಹಳಬರು ಮರೆಗೂಡನ್ನು ಒಂದೇ ದಿನ ತಂದು ಇಡುತ್ತಿರಲಿಲ್ಲ. ದೂರದಲ್ಲಿ ಕಟ್ಟಿ, ಹಕ್ಕಿ ಒಗ್ಗಿಕೊಂಡ ಮೇಲೆ ದಿನಕ್ಕಿಷ್ಟು ಹತ್ತಿರ ಸರಿಸುತ್ತಿದ್ದರು. ನನ್ನದು ಭಾನುವಾರದ ಅವಸರ.

ನಮ್ಮ ಕಡೆಯವರೇ ಎನ್ನಬಹುದಾದವರು ಸಂಡೂರಿನ ಎಂ.ವೈ. ಘೋರ್ಪಡೆ. ಜಗಳೂರಿನಿಂದ ಸಂಡೂರು ದೂರವೇನಲ್ಲ. ದೇವರಾಜ ಅರಸು ಅವರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕೂರುತ್ತಿದ್ದರು. ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಪುಸ್ತಕವನ್ನೂ ಬರೆದರು. ಕಪ್ಪು ಬಿಳುಪು ಅವರಿಗೆ ಪ್ರಿಯ. ಬಜೆಟ್ ಬರೆಯುವವರಿಗೇ ಬಿಡುವು ಸಿಗುತ್ತಿತ್ತು, ಲಸಿಕೆ ಹಾಕುವವನಿಗೆ ಸಿಗುವುದಿಲ್ಲವೇ ಎಂದು ಮನೆಯಲ್ಲಿ ವಾದ ಮಾಡಿದ್ದೇನೆ, ಗೆದ್ದಿಲ್ಲ. ಇವರೆಲ್ಲರಿಗಿಂತ ಹಿಂದೆ, 1920ರ ದಶಕದಲ್ಲಿ, ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರದ ಕಾಡುಗಳಲ್ಲಿ ಹಾದಿಗೆ ಅಡ್ಡ ತಂತಿ ಕಟ್ಟಿ, ರಾತ್ರಿ ಹುಲಿ ಕಾಲಿಟ್ಟಾಗ ತನ್ನ ಚಿತ್ರ ತಾನೇ ತೆಗೆದುಕೊಳ್ಳುವಂತೆ ಮಾಡಿದ್ದರು. ಸುತ್ತ ಇದ್ದ ದೊರೆಗಳೆಲ್ಲ ಹುಲಿಯ ಮೇಲೆ ಬೂಟುಗಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ ಅದು. ಇಂದು ಅರಣ್ಯ ಇಲಾಖೆ ಹುಲಿ ಎಣಿಸಲು ಮರಕ್ಕೆ ಕಟ್ಟುವ ಕ್ಯಾಮೆರಾಗಳು ಅದರ ಮೊಮ್ಮಕ್ಕಳು.

ಜಗಳೂರಿಗೆ ವರ್ಗವಾದಾಗ ಎಲ್ಲರೂ ಅಯ್ಯೋ ಎಂದರು. ಮಳೆ ಇಲ್ಲದ ತಾಲ್ಲೂಕು, ಅಲ್ಲೇನು ಕಾಡು, ಅಲ್ಲೇನು ಪ್ರಾಣಿ ಎಂದು. ನನ್ನ ಬದುಕಿನ ಒಳ್ಳೆಯ ವರ್ಷಗಳು ಅವೇ. ಜಾಲಿ, ಕಾರೆ, ಬಂದರಿಕೆಯ ಕುರುಚಲು. ಮೇಲೆ ಬಂಡೆಗುಡ್ಡ, ಕೆಳಗೆ ಕುರಿಯ ಹಟ್ಟಿ. ಕುರಿಗಾಹಿಗಳಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಗವಿಯೊಂದರಲ್ಲಿ ತೋಳ ಮರಿ ಹಾಕಿದ ಸುದ್ದಿ ನನಗೆ ಸಿಕ್ಕಿದ್ದೂ ಹಾಗೆಯೇ, ಒಬ್ಬ ಹುಡುಗನಿಂದ. ಜನವರಿಯ ಚಳಿ. ಈ ಸಲ ದೂರ ಕೂತೆ. ಅಷ್ಟು ಹೊತ್ತಿಗೆ 300ರ ಲೆನ್ಸು ಇತ್ತು. ನಾಲ್ಕು ಮರಿ, ಬೆಳಗಿನ ಬಿಸಿಲಿಗೆ ಹೊರಬಂದು ಒಂದರ ಬಾಲ ಒಂದು ಎಳೆಯುತ್ತಿದ್ದವು. ಒಂಬತ್ತು ಚಿತ್ರ ತೆಗೆದು ಎದ್ದು ಬಂದೆ.

ಹದಿನೈದು ದಿನಕ್ಕೆ ಅಲ್ಲಿಗೆ ಸಮೀಪದ ರೊಪ್ಪವೊಂದಕ್ಕೆ ತೋಳ ಬಿದ್ದು ಏಳು ಮರಿ ಹೋದವು. ಡಾಕ್ಟರ ಜೊತೆ ನಾನೂ ಹೋದೆ. ಮುದುಕ ಕಂಬಳಿ ಹೊದ್ದು ಬೇಲಿಯ ಹತ್ತಿರ ಕೂತಿದ್ದ. ವರ್ಷಗಟ್ಟಲೆ ನನಗೆ ಮಜ್ಜಿಗೆ ಕೊಟ್ಟವನು. ಬರೆದುಕೊಳ್ಳುವುದೆಲ್ಲ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ:

“ಡಾಕ್ಟ್ರೇ, ನೀವು ಫೋಟ ಹೊಡ್ಕಂಡು ಬಂದೀರಂತೆ. ಎಲ್ಲೈತೆ ಅದರ ಗವಿ?”

“ಗೊತ್ತಿಲ್ಲಜ್ಜ” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. “ಆಗ್ಲಿ ಬಿಡಿ” ಎಂದ. ಹೇಳಿದ್ದರೆ ಅವತ್ತು ಸಂಜೆಗೇ ಗವಿಯ ಬಾಯಿಗೆ ಹೊಗೆ ಹಾಕುತ್ತಿದ್ದರು, ನಾಲ್ಕೂ ಮುಗಿಯುತ್ತಿದ್ದವು. ಹೇಳದೆ ಇದ್ದದ್ದರಿಂದ ಅವನ ಇನ್ನೂ ಮೂರು ಮರಿ ಹೋದವು. ತೋಳವನ್ನು 1972ರ ಕಾಯಿದೆಯ ಮೊದಲನೇ ಪಟ್ಟಿಯಲ್ಲಿಟ್ಟು ಕಾಪಾಡಬೇಕು ಎನ್ನುವುದು ಸರಿ, ನಾನು ಅದನ್ನು ಒಪ್ಪುತ್ತೇನೆ. ಆದರೆ ಅದನ್ನು ಕಾಪಾಡುವ ಖರ್ಚು ಯಾರ ರೊಪ್ಪದಿಂದ ಹೋಗುತ್ತದೆ ಎನ್ನುವುದನ್ನು ಅಲ್ಲಿ ನೋಡಿದೆ. ಆ ಮುದುಕ ಮತ್ತೆ ನನಗೆ ಮಜ್ಜಿಗೆ ಕೊಡಲಿಲ್ಲ. ಎದುರಾದಾಗ ನಮಸ್ಕಾರ ಮಾತ್ರ. ಆ ಒಂಬತ್ತು ಚಿತ್ರಗಳನ್ನು ನಾನು ಎಲ್ಲಿಗೂ ಕಳಿಸಿಲ್ಲ.

ಅಲ್ಲೇ ರಂಗಯ್ಯನದುರ್ಗದ ಕಾಡಿದೆ. ಕೊಂಡುಕುರಿಯ ಸಲುವಾಗಿ 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 77 ಚದರ ಕಿಲೋಮೀಟರ್. ಮಕ್ಕಳೇ, ಕೊಂಡುಕುರಿ ಎಂದರೆ ಕುರಿಯಲ್ಲ, ನಾಲ್ಕು ಕೊಂಬಿನ ಪುಟ್ಟ ಪ್ರಾಣಿ. ನಿಮ್ಮ ಸೊಂಟದಷ್ಟು ಎತ್ತರ. ಭಾರತ ಮತ್ತು ನೇಪಾಳ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿಲ್ಲ. ಆನೆಗೆ, ಹುಲಿಗೆ ಹೆಸರಾದ ಕಾಡುಗಳ ನಡುವೆ ಇಂಥ ನಾಚಿಕೆಯ ಪ್ರಾಣಿಗೆ ಒಂದು ಧಾಮ ನಮ್ಮ ಜಿಲ್ಲೆಯಲ್ಲಿದೆ ಎನ್ನುವುದು ಜಿಲ್ಲೆಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೊಂಬು ಗಂಡಿಗೆ ಮಾತ್ರ. ಹಿಂದಿನ ಎರಡು ಬೆರಳುದ್ದದವು. ಮುಂದಿನ ಎರಡು ಚಿಕ್ಕವು, ಕೆಲವದರಲ್ಲಿ ಬರಿ ಗುಬುಟು. ಹಿಂಡು ಕಟ್ಟುವುದಿಲ್ಲ, ಒಂಟಿ ಇಲ್ಲವೇ ಜೋಡಿ. ಹುಲ್ಲಿನೊಳಗೆ ಅಲ್ಲಾಡದೆ ನಿಂತರೆ ನೀವು ಪಕ್ಕದಲ್ಲೇ ಹಾದು ಹೋದರೂ ತಿಳಿಯದು. ಆದರೆ ಒಂದು ಅಭ್ಯಾಸವಿದೆ. ಹಿಕ್ಕೆಯನ್ನು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಾಕುತ್ತದೆ. ಸಗಣಿ, ಹಿಕ್ಕೆ ನೋಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದು. ಕುರಿಯದ್ದು ಯಾವುದು, ಇದು ಯಾವುದು ಎಂದು ಗುರುತಿಸಲು ಕಷ್ಟವಾಗಲಿಲ್ಲ.

ಧಾಮವಾಗುವ ಎರಡು ವರ್ಷ ಮೊದಲು ಇಲಾಖೆಯ ಒಪ್ಪಿಗೆ ಪಡೆದು, ಕಾವಲುಗಾರರೊಬ್ಬರ ಜೊತೆಯಲ್ಲಿ, ಆರು ತಿಂಗಳ ರಜೆಯ ದಿನಗಳಲ್ಲೆಲ್ಲ ಕಾದೆ. ಕಂಡದ್ದು ಒಂದು ಸಲ. ಮೂರು ಸೆಕೆಂಡು ಇರಬಹುದು. ಒಂದು ಗಂಡು ಕಲ್ಲಿನ ಮರೆಯಿಂದ ತಲೆ ಎತ್ತಿ, ನನ್ನ ಕಡೆ ನೋಡಿ, ಹಾಗೇ ಹೋಯಿತು. ಒಂದೇ ಚಿತ್ರ. ಅರ್ಧ ಮೈ ಹುಲ್ಲಿನಲ್ಲಿ, ಮುಂದಿನ ಕೊಂಬು ಕಾಣುವುದೇ ಇಲ್ಲ. ಮನೆಗೆ ಬಂದ ನೆಂಟರೊಬ್ಬರು ನೋಡಿ, “ನಾಲ್ಕು ಅಂದ್ರಿ, ಎರಡೇ ಇದಾವಲ್ಲ ಭಾವ?” ಎಂದರು.

ಈಗ ರೀಲಿನ ಕಾಲ ಹೋಯಿತು. ನಿಮ್ಮೆಲ್ಲರ ಮನೆಯ ಫೋನಿನಲ್ಲಿ ನನ್ನ ಜೆನಿಟ್‌ಗಿಂತ ಒಳ್ಳೆಯ ಕ್ಯಾಮೆರಾ ಇದೆ. ಒಳ್ಳೆಯದೇ ಆಯಿತು, ನಾನು ಹಳೆಯದನ್ನು ಹೊಗಳುವವನಲ್ಲ. ಹೊಲದಲ್ಲಿ ಮಂಡಲದ ಹಾವು ಕಂಡರೆ ದೂರದಿಂದ ಫೋಟೋ ತೆಗೆದು ಕಳಿಸಿ ಕೇಳುವ ಹುಡುಗರಿದ್ದಾರೆ, ಮೊದಲಾದರೆ ದೊಣ್ಣೆ ಬರುತ್ತಿತ್ತು. ಆದರೆ ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಸುವವರನ್ನೂ ನೋಡುತ್ತಿದ್ದೇನೆ. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ಇವರು ತೆಗೆದುಕೊಳ್ಳುತ್ತಾರೆ. ಗೂಡಿನ ಚಿತ್ರವನ್ನು ಇಂದು ಎಷ್ಟೋ ಸ್ಪರ್ಧೆಗಳವರು ತೆಗೆದುಕೊಳ್ಳುವುದೇ ಇಲ್ಲ. 1986ರಲ್ಲಿ ಆ ನಿಯಮ ಇದ್ದಿದ್ದರೆ ನನಗೆ ಬಹುಮಾನ ಬರುತ್ತಿರಲಿಲ್ಲ. ಬಂದಿರದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಇದ್ದಾಗಲೇ ಇದನ್ನು ಹೇಳಬೇಕಿತ್ತು. ಎರಡು ಸಲ ಅವರ ಮನೆಯ ಬಾಗಿಲಿಗೆ ಹೋಗಿ, ಕಾಫಿ ಕುಡಿದು, ಹೇಳದೆ ಬಂದೆ. ಅವರು ಹೆಮ್ಮೆಯಿಂದ ಹೊಡೆದ ಮೊಳೆ ಅದು.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಮನವಿ. ಆ ಚಿತ್ರವನ್ನು ಎಸೆಯಬೇಡಿ, ಆದರೆ ಕೆಳಗಿನ ಹೆಸರು ಕಿತ್ತುಹಾಕಿ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಅಂಟಿಸಿ. ಬರೆದು ತಂದಿದ್ದೇನೆ. ಪಕ್ಕದಲ್ಲಿ ಜಾಗವಿದ್ದರೆ ಈ ಕೊಂಡುಕುರಿಯ ಚಿತ್ರ ಹಾಕಿ. ಎರಡೇ ಕೊಂಬು ಕಾಣುತ್ತದೆ, ಉಳಿದೆರಡು ಎಲ್ಲಿ ಎಂದು ಮಕ್ಕಳು ಕೇಳಲಿ. ಶಾಲೆಗೆ ಎರಡು ದುರ್ಬೀನು ತಂದಿದ್ದೇನೆ, ಹೊಸವು, ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ಬರುವ ಭಾನುವಾರ ಬೆಳಗ್ಗೆ ಆರು ಗಂಟೆಗೆ ಸೂಳೆಕೆರೆಯ ಏರಿಯ ಮೇಲೆ ಇರುತ್ತೇನೆ. ಬರುವ ಮಕ್ಕಳು ಮನೆಯಲ್ಲಿ ಹೇಳಿ ಬನ್ನಿ, ಬುತ್ತಿ ತನ್ನಿ, ಕಡು ಬಣ್ಣದ ಅಂಗಿ ಬೇಡ. ಫೋನು ಮೊದಲನೇ ದಿನ ಮನೆಯಲ್ಲಿರಲಿ. ಎರಡು ದುರ್ಬೀನು ಸರದಿಯ ಮೇಲೆ ಕೊಡುತ್ತೇನೆ, ಕಿತ್ತಾಡಬಾರದು.